ಎಂ.ಜಿ. ರಸ್ತೆಯ ಲೇಕ್‌ವ್ಯೂಗೆ ಆ ಹೆಸರು ಎಲ್ಲಿಂದ ಬಂತು?

ಪ್ರಶ್ನೆ:
ಬೆಂಗಳೂರಿನ ಎಂ.ಜಿ. ರಸ್ತೆಯ ಲೇಕ್‌ವ್ಯೂ ಮಿಲ್ಕ್ ಬಾರ್‌ನಲ್ಲಿ ನಮ್ಮ ಮನೆಯ ಮೂರು ತಲೆಮಾರಿನವರು ಐಸ್‌ಕ್ರೀಂ ತಿಂದಿದ್ದೇವೆ. ಅದರ ಆಸುಪಾಸಿನಲ್ಲಿ ಕೆರೆಯೇ ಕಾಣದಿರುವುದರಿಂದ, ಆ ಹೆಸರಿನ ಹಿನ್ನೆಲೆಯನ್ನೂ ಅಂಗಡಿ ಆರಂಭವಾದ ಬಗೆಯನ್ನೂ ಬಲ್ಲ ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಅಂಗಡಿ ಮೊದಲು ಇದ್ದದ್ದು ಹಲಸೂರು ಕೆರೆಯ ದಂಡೆಯ ಕೆನ್ಸಿಂಗ್ಟನ್ ರಸ್ತೆಯಲ್ಲಿ. ಅದನ್ನು 1930ರಲ್ಲಿ ಚಾರ್ಲ್‌ಟನ್ ಎಂಬ ಆಂಗ್ಲರು ತೆರೆದರು. ಎದುರಿಗೇ ಕೆರೆಯಿದ್ದುದರಿಂದ ಆ ಹೆಸರು ಸಹಜವಾಗಿಯೇ ಬಂತು. 1947ರಲ್ಲಿ ಅದು ಭಾರತೀಯರ ಒಡೆತನಕ್ಕೆ ಬಂದು, ಮುಂದೆ ಎಂ.ಜಿ. ರಸ್ತೆಗೆ ಸ್ಥಳಾಂತರಗೊಂಡರೂ, ಹೊಸ ಮಾಲೀಕರು ಹಳೆಯ ಹೆಸರನ್ನೇ ಉಳಿಸಿಕೊಂಡರು. ಅದು ವಿವೇಕದ ನಿರ್ಧಾರವೆಂದೇ ನನ್ನ ಭಾವನೆ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಲಸೂರು ಕೆರೆ ಕೆಂಪೇಗೌಡರ ವಂಶದವರ ಕಾಲದ್ದು. ಅದರ ಮಗ್ಗುಲಲ್ಲಿ 1809ರಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ನೆಲೆಯೂರಿದ ಮೇಲೆ ಬೇಕರಿ, ಮಿಲ್ಕ್‌ಶೇಕ್, ಸ್ಯಾಂಡ್‌ವಿಚ್‌ಗಳ ರುಚಿ ಆ ಭಾಗದಲ್ಲಿ ಬೇರುಬಿಟ್ಟಿತು. ಅದೇ ಹೊತ್ತಿನಲ್ಲಿ ನಗರದ ಇನ್ನೊಂದು ಭಾಗ ಇಡ್ಲಿ, ದೋಸೆ, ಕಾಫಿಗಳ ಸುತ್ತ ಬೆಳೆಯುತ್ತಿತ್ತು: ಎಂ.ಟಿ.ಆರ್. 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಹುಟ್ಟಿದವು. ಪೇಟೆ (ಹಳೆಯ ಊರು) ಮತ್ತು ದಂಡು ಎರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದದ್ದು 1949ರಲ್ಲಿ; ಅಲ್ಲಿಯವರೆಗೆ ಅವು ಬೇರೆ ಬೇರೆ ಊರುಗಳಂತೆಯೇ ಇದ್ದವು. ಹೀಗಾಗಿ ಬಸವನಗುಡಿಯ ಒಂದು ಸಂಸಾರ ಬಸ್ಸು ಹತ್ತಿ ದಂಡಿಗೆ ಹೋಗಿ ಐಸ್‌ಕ್ರೀಂ ತಿಂದು ಬರುವುದು ಆಗ ಹಬ್ಬಕ್ಕೆ ಸಮನಾಗಿತ್ತು ಎಂದರೆ ಅತಿಶಯೋಕ್ತಿಯಲ್ಲ. ಊರಿನ ಊಟ ತಿಂಡಿಯ ಇತಿಹಾಸ ಬರೆಯುವವರು ಮಸಾಲೆ ದೋಸೆಗೇ ನಿಂತುಬಿಡುವುದು ನನಗೆ ಬೇಸರ ತರುತ್ತದೆ. ದಂಡಿನ ಈ ಅರ್ಧವೂ ನಮ್ಮದೇ.

ಉತ್ತರ 3:
ಎಂ.ಜಿ. ರಸ್ತೆಗೆ ಸೌತ್ ಪರೇಡ್ ಎಂಬ ಹೆಸರಿದ್ದು, 1948ರಲ್ಲಿ ಅದು ಗಾಂಧೀಜಿಯವರ ಹೆಸರು ಪಡೆಯಿತು. ಮೆಟ್ರೋ ಬರುವುದಕ್ಕೆ ಮುಂಚೆ ರಸ್ತೆಯ ಒಂದು ಬದಿಗೆ ಮರಗಳ ನೆರಳಿನ ಕಾಲುದಾರಿಯಿತ್ತು. ಅಲ್ಲಿ ಅಡ್ಡಾಡಿ, ಲೇಕ್‌ವ್ಯೂ ಒಳಗೆ ಕುಳಿತು, ಎತ್ತರದ ಗಾಜಿನ ಲೋಟದ ತಳದಲ್ಲಿ ಉಳಿದ ಐಸ್‌ಕ್ರೀಮನ್ನು ಉದ್ದ ಹಿಡಿಯ ಚಮಚದಿಂದ ಕೆರೆಯುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬಳು. ಕೆನ್ಸಿಂಗ್ಟನ್ ರಸ್ತೆಯ ಮೊದಲ ಅಂಗಡಿಯ ಚಿತ್ರವಾಗಲಿ, ತಿಂಡಿಯ ದರಪಟ್ಟಿಯಾಗಲಿ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಉಳಿದಿದ್ದರೆ, ದಯವಿಟ್ಟು ಇಲ್ಲಿ ಹಂಚಿಕೊಳ್ಳಿ.