ಮೊದಲನೆಯದಕ್ಕಿಂತ ಎರಡನೇ ಭಾಗವೇ ಚೆನ್ನಾಗಿರುವ ಫ್ಯಾಂಟಸಿ ಸಿನಿಮಾ ಬೇರೆ ಯಾವುದಿದೆ?

ಹಿಂದಿನಸಾಲು:
'ಪುಸ್ ಇನ್ ಬೂಟ್ಸ್: ದ ಲಾಸ್ಟ್ ವಿಶ್' ನಾನಾಗಿ ಹುಡುಕಿ ನೋಡಿದ್ದಲ್ಲ. ಮಕ್ಕಳು ಹಾಕಿದ್ದರು, ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ. 2011ರ ಮೊದಲ ಭಾಗದಲ್ಲಿ ಒಂದು ಮೊಟ್ಟೆ ಮಾತಾಡುತ್ತಿತ್ತು ಅನ್ನೋದು ಬಿಟ್ಟರೆ ಬೇರೇನೂ ನೆನಪಿಲ್ಲ. 'ಶ್ರೆಕ್' ಅನಿಮೇಷನ್ ಸಿನಿಮಾಗಳಲ್ಲಿ ಬಂದುಹೋಗುವ ಬೆಕ್ಕಿಗೆ ಒಂದು ಸಿನಿಮಾ, 11 ವರ್ಷ ಬಿಟ್ಟು 2022ರಲ್ಲಿ ಇನ್ನೊಂದು. ಇದನ್ನ ಕೇಳಿದ್ದು ಯಾರು ಅಂದುಕೊಂಡೆ.

ಆಮೇಲೆ ಆ ತೋಳ ಬಂತು. ಶಿಳ್ಳೆ ಹಾಕಿಕೊಂಡು, ಎರಡು ಕುಡುಗೋಲು ಹಿಡಿದು. (ಸಿನಿಮಾ ನೋಡದವರು ಮುಂದಿನ ಪ್ಯಾರಾ ಬಿಟ್ಟುಬಿಡಿ.)

ಈ ಬೆಕ್ಕಿಗೆ ಒಂಬತ್ತು ಜೀವ. ಎಂಟನ್ನು ಶೋಕಿ ಮಾಡಿಯೇ ಕಳೆದಿದೆ. ಉಳಿದಿರೋದು ಒಂದೇ. ತೋಳ ಅದರ ಹಣೆಗೆ ಗಾಯ ಮಾಡುತ್ತದೆ, ಒಂದು ಹನಿ ರಕ್ತ ಇಳಿಯುತ್ತದೆ, ಬೆಕ್ಕಿನ ಮೈಕೂದಲೆಲ್ಲ ನೆಟ್ಟಗಾಗುತ್ತದೆ. ಹೀರೋ ಕತ್ತಿ ಬಿಟ್ಟು ಓಡುತ್ತಾನೆ! ಮಕ್ಕಳ ಸಿನಿಮಾದಲ್ಲಿ ಭಯವನ್ನು ಇಷ್ಟು ಗಂಭೀರವಾಗಿ ತೋರಿಸಿದ್ದು ನಾನು ಕಂಡಿಲ್ಲ. ಮುಂದೆ ಕಾಡಿನಲ್ಲಿ ಅದಕ್ಕೆ ಉಸಿರು ಕಟ್ಟಿದಾಗ ಜೊತೆಗಿದ್ದ ಪುಟ್ಟ ನಾಯಿ ಬುದ್ಧಿಮಾತು ಏನೂ ಹೇಳುವುದಿಲ್ಲ. ಬೆಕ್ಕಿನ ಹೊಟ್ಟೆಯ ಮೇಲೆ ತಲೆ ಇಟ್ಟು ಸುಮ್ಮನಿರುತ್ತದೆ, ಅಷ್ಟೇ.

ಎರಡನೇ ಭಾಗ ಅಂದ್ರೆ ಸಾಮಾನ್ಯವಾಗಿ ಎಲ್ಲ ಜಾಸ್ತಿ: ಇನ್ನೂ ದೊಡ್ಡ ಶತ್ರು, ಇನ್ನೂ ದೊಡ್ಡ ಸೈನ್ಯ. ಇಲ್ಲಿ ಹೀರೋ ಹತ್ತಿರ ಇದ್ದದ್ದನ್ನೇ ಕಿತ್ತುಕೊಂಡಿದ್ದಾರೆ. ಇಂಥದ್ದು ಬೇರೆ ಯಾವುದಾದರೂ ಇದ್ದರೆ ಹೇಳಿ.

ರಾತ್ರಿಗೂಬೆ:
ಏನೂ ನಿರೀಕ್ಷೆ ಇಲ್ಲದೆ ಕೂತರೆ ಎಲ್ಲವೂ ಚೆನ್ನಾಗೇ ಕಾಣುತ್ತೆ ಸಾರ್. ಒಂದು ನಕ್ಷೆ, ಅದರ ಹಿಂದೆ ಮೂರು ಗುಂಪು, ಕೊನೆಗೆ ಎಲ್ಲರೂ ಒಂದೇ ಕಡೆ ಸೇರೋದು. ಹಳೇ ಕತೆ ತಾನೇ? ಆ ಖಳ ಜ್ಯಾಕ್ ಹಾರ್ನರ್ ಅಂತೂ ಬರೀ ಜೋಕಿಗೆ ಇದ್ದಾನೆ.

ಹಿಂದಿನಸಾಲು:
ನಕ್ಷೆಯ ವಿಷಯ ಒಪ್ಪಿದೆ. ಹಾರ್ನರ್ ವಿಷಯ ಒಪ್ಪಲ್ಲ. ಈಗ ಯಾವ ಖಳನನ್ನು ನೋಡಿದರೂ ಅವನಿಗೊಂದು ಅಳುಬುರುಕ ಬಾಲ್ಯ ಇರುತ್ತೆ. ಇವನಿಗೆ ಪ್ರೀತಿಸುವ ಅಪ್ಪ ಅಮ್ಮ, ಬಂಗಲೆ, ಚೆನ್ನಾಗಿ ನಡೆಯೋ ಬೇಕರಿ ವ್ಯಾಪಾರ ಎಲ್ಲ ಇತ್ತು. ಆದರೂ ಕೆಟ್ಟವನು. ಬುದ್ಧಿ ಹೇಳಲು ಬಂದ ಹುಳವೂ ಕೊನೆಗೆ ಕೈಬಿಡುತ್ತೆ. ನಾನು ಜೋರಾಗಿ ನಕ್ಕಿದ್ದು ಅಲ್ಲೇ.

ಬಣ್ಣದಡಬ್ಬಿ:
ಹೊಡೆದಾಟ ಬಂದಾಗ ಚಿತ್ರದ ಓಟ ಬದಲಾಗೋದು ಗಮನಿಸಿದ್ರಾ? ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಆ ದೃಶ್ಯಗಳಲ್ಲಿ ಒಂದೇ ಭಂಗಿಯನ್ನು ಬೇಕಂತಲೇ ಒಂದಕ್ಕಿಂತ ಹೆಚ್ಚು ಫ್ರೇಮ್ ನಿಲ್ಲಿಸುತ್ತಾರೆ. ಅದಕ್ಕೇ ಪ್ರತಿ ಏಟೂ ಕಡಿದು ಕಡಿದು ಬಂದ ಹಾಗೆ ಕಾಣುತ್ತೆ. ಕೂದಲು, ಮರ, ಆಕಾಶ ಎಲ್ಲದರಲ್ಲೂ ಕುಂಚದ ಗೆರೆ ಬಿಟ್ಟಿದ್ದಾರೆ. ಮೊದಲ ಭಾಗದಲ್ಲಿ ಬೆಕ್ಕಿನ ಒಂದೊಂದು ಕೂದಲೂ ನಿಜ ಅನ್ನಿಸಬೇಕು ಅಂತ ಒದ್ದಾಡಿದ್ದರು, ಇದರಲ್ಲಿ ಆ ಹಟವೇ ಇಲ್ಲ.

ತೆರೆಮರೆ:
ನಿಮ್ಮ ಪ್ರಶ್ನೆಗೆ ನನ್ನ ಉತ್ತರ 'ಹೆಲ್‌ಬಾಯ್ 2: ದ ಗೋಲ್ಡನ್ ಆರ್ಮಿ', 2008. ಬೀದಿಯಲ್ಲಿ ಬೆಟ್ಟದಂಥ ಒಂದು ಸಸ್ಯದೈತ್ಯ ಎದ್ದು ನಿಲ್ಲುತ್ತೆ. ಅದು ತನ್ನ ಜಾತಿಯಲ್ಲಿ ಕೊನೆಯದು. ಹೀರೋ ಹೆಲ್‌ಬಾಯ್ ಅದನ್ನು ಕೊಲ್ಲಲೇಬೇಕು, ಕೊಲ್ಲುತ್ತಾನೆ. ಅದು ಬಿದ್ದ ಕಡೆಯೆಲ್ಲ ಹಸಿರು ಹಬ್ಬಿ ಹೂ ಅರಳುತ್ತೆ. ಗೆದ್ದವನ ಮುಖದಲ್ಲಿ ಗೆಲುವೇ ಇಲ್ಲ. ನೀವು ಹೇಳಿದ 'ಕಿತ್ತುಕೊಳ್ಳೋದು' ಇದೇ ಅಲ್ವಾ?

ಇನ್ನೊಂದು ತಮಾಷೆ. ನಿಮ್ಮ ಬೆಕ್ಕಿಗೆ ಅನಿಮೇಷನ್ ಆಸ್ಕರ್ ತಪ್ಪಿಸಿದ್ದು ಇದೇ ನಿರ್ದೇಶಕ ಗಿಲೆರ್ಮೊ ಡೆಲ್ ಟೋರೊ ಅವರ 'ಪಿನೋಕಿಯೊ'.

ಹಿಂದಿನಸಾಲು:
ಹಾಗಾದ್ರೆ ಆ ಮನುಷ್ಯನ ಮೇಲೆ ನನಗೆ ಸ್ವಲ್ಪ ಕೋಪ ಇದೆ. ಆದರೂ ನೋಡುತ್ತೇನೆ. 2004ರ ಮೊದಲ ಭಾಗ ನೋಡಿಲ್ಲ, ನೇರವಾಗಿ ಎರಡಕ್ಕೆ ಹೋಗಬಹುದಾ?

ತೆರೆಮರೆ:
ಹೋಗಬಹುದು. ಮೀನಿನಂಥ ಮುಖದವನು ಏಬ್, ಅವನು ಹೆಲ್‌ಬಾಯ್ ಗೆಳೆಯ, ಇಷ್ಟು ಗೊತ್ತಿದ್ದರೆ ಸಾಕು. ಮೊದಲನೆಯದರಲ್ಲಿ ಆ ವೇಷದೊಳಗೆ ಇದ್ದದ್ದು ಡಗ್ ಜೋನ್ಸ್, ದನಿ ಮಾತ್ರ ಬೇರೆಯವರದು. ಎರಡನೆಯದರಲ್ಲಿ ದನಿಯೂ ಅವರದೇ. ಏಬ್ ಕುಡಿದು ಹಾಡೋ ದೃಶ್ಯ ತಪ್ಪಿಸಬೇಡಿ.