ಹ್ಯಾಲೋವೀನ್ 2 (2009) ನಿಜಕ್ಕೂ ಅಷ್ಟು ಕೆಟ್ಟದಾಗಿದೆಯಾ? ನೋಡಿದವರು ಹೇಳಿ

ತುಂಗೆ ತಡಿ, ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ರಾತ್ರಿ ಮೇಗರವಳ್ಳಿ ಹತ್ತಿರ ಗೆಳೆಯನ ತೋಟದ ಮನೆಯಲ್ಲಿ ಐದು ಜನ ಸೇರುತ್ತಿದ್ದೇವೆ. ನಿರ್ದೇಶಕ ರಾಬ್ ಝಾಂಬಿ 2007ರಲ್ಲಿ ಮಾಡಿದ ಹ್ಯಾಲೋವೀನ್ ಹಾರರ್ ಸಿನಿಮಾದ ರೀಮೇಕ್ ನಮಗೆಲ್ಲ ಇಷ್ಟವಾಗಿತ್ತು. ಅದರ ಮುಂದಿನ ಭಾಗ ನೋಡೋಣ ಅಂತ ಇದ್ದೇವೆ. ಆದರೆ ಎಲ್ಲಿ ಕೇಳಿದರೂ ಬೈಗುಳವೇ. ಥಿಯೇಟರಿನಲ್ಲಿ ಬಂದಿದ್ದು ನೋಡಬೇಕಾ, ನಿರ್ದೇಶಕ ತನಗೆ ಬೇಕಾದಂತೆ ಜೋಡಿಸಿದ ಡೈರೆಕ್ಟರ್ಸ್ ಕಟ್ ನೋಡಬೇಕಾ? ಇನ್ನೊಂದು ವಿಷಯ. ನಮ್ಮಲ್ಲೊಬ್ಬ ಹೋದ ವರ್ಷ ಬಸ್ ಅಪಘಾತದಲ್ಲಿ ಉಳಿದು ಬಂದವನು. ಈಗಲೂ ರಾತ್ರಿ ಬೆಚ್ಚಿ ಏಳುತ್ತಾನೆ. ಅವನ ಜೊತೆ ಕೂತು ನೋಡಬಹುದಾ?

ಜೋಗದ ಮಳೆ, ಸಾಗರ:
ತಮ್ಮಾ, ಬೇಡ. ಈ ಸಿನಿಮಾಕ್ಕೆ ನಾನು ಸುರಿದಷ್ಟು ದುಡ್ಡು ಈ ಜಿಲ್ಲೆಯಲ್ಲಿ ಯಾರೂ ಸುರಿದಿರಲಿಕ್ಕಿಲ್ಲ.

2010ರ ಜುಲೈ. ಅಮೆರಿಕದಲ್ಲಿದ್ದ ಚಿಕ್ಕಪ್ಪನ ಮಗ ಊರಿಗೆ ಬಂದ. ಅವನ ಕೈಲಿ ಡಿವಿಡಿ ತರಿಸಿದೆ. 15 ಡಾಲರ್. ಆಗಿನ ಲೆಕ್ಕದಲ್ಲಿ 700 ರೂಪಾಯಿ. ಮನೆಯ ಪ್ಲೇಯರಿಗೆ ಹಾಕಿದರೆ ರೀಜನ್ ಸರಿಯಿಲ್ಲ ಅಂತ ಬಂತು. ಯಾವ ದೇಶದ ಡಿಸ್ಕ್ ಎಲ್ಲಿ ಓಡಬೇಕು ಅನ್ನುವ ಗುರುತು ಅದು. ಅಮೆರಿಕದ ಡಿಸ್ಕ್ ರೀಜನ್ 1, ನಮ್ಮದು ರೀಜನ್ 5. ಪ್ಲೇಯರ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಒಂದು ರಿಪೇರಿ ಅಂಗಡಿಯವರು ಸರಿ ಮಾಡುತ್ತೇವೆ ಅಂತ 350 ತಗೊಂಡರು. ವಾರ ಬಿಟ್ಟು ಹೋದರೆ ಆಗಲ್ಲ ಅಂದರು. ದುಡ್ಡು ವಾಪಸ್ ಇಲ್ಲ. ಎರಡು ಸಲದ ಬಸ್ ಚಾರ್ಜು, ಊಟ, ಒಂದು ದಿನದ ರಜೆ ಬೇರೆ.

ಆಮೇಲೆ ಕಂಪ್ಯೂಟರಿನಲ್ಲಿ ನೋಡೋಣ ಅಂದುಕೊಂಡೆ. ಡಿವಿಡಿ ಡ್ರೈವಿನ ರೀಜನ್ ಐದೇ ಐದು ಸಲ ಬದಲಿಸಬಹುದು, ಆಮೇಲೆ ಲಾಕ್. ನನ್ನದರಲ್ಲಿ ತಮ್ಮ ಆಗಲೇ ನಾಲ್ಕು ಸಲ ಆಡಿದ್ದ. ಐದನೆಯದು ಇದಕ್ಕೆ ಹೋಯಿತು. ಡ್ರೈವ್ ಶಾಶ್ವತವಾಗಿ ಅಮೆರಿಕದ್ದಾಯಿತು. ನಮ್ಮ ಡಿಸ್ಕುಗಳಿಗೆ 1,100 ಕೊಟ್ಟು ಇನ್ನೊಂದು ಡ್ರೈವ್ ತಂದೆ.

ಇಷ್ಟೆಲ್ಲ ಮಾಡಿ ಕೂತರೆ ಏನು? ಮೊದಲ ಇಪ್ಪತ್ತು ನಿಮಿಷ ಆಸ್ಪತ್ರೆ, ಮಳೆ, ಓಟ. ಉಸಿರು ಬಿಗಿಹಿಡಿದು ನೋಡಿದೆ. ಅಷ್ಟೂ ಕನಸಂತೆ! ಅಲ್ಲಿಂದ ಮುಂದೆ ಕೊಲೆಗಾರ ಮೈಕೆಲ್ ಮೈಯರ್ಸ್ ಗಡ್ಡ ಬಿಟ್ಟುಕೊಂಡು, ಮುಖವಾಡ ಇಲ್ಲದೆ ಗದ್ದೆ ಬಯಲಲ್ಲಿ ಅಲೆಯುತ್ತಾನೆ. ಸತ್ತ ತಾಯಿ ಬಿಳಿ ಕುದುರೆ ಜೊತೆ ಬಂದು ಅವನಿಗೆ ಹೇಳಿಕೊಡುತ್ತಾಳೆ. ಹಿಂದೆ ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಲೂಮಿಸ್ ಸತ್ತವರ ಕಥೆ ಬರೆದು ಪುಸ್ತಕ ಮಾರುತ್ತಾ ತಿರುಗುವ ಮನುಷ್ಯ ಆಗಿದ್ದಾನೆ. ಮುಖವಾಡದ ಹಿಂದೆ ಏನಿದೆ ಅಂತ ಗೊತ್ತಿಲ್ಲದಿದ್ದಕ್ಕೇ ಅಲ್ವಾ ನಮಗೆ ಹೆದರಿಕೆ ಇದ್ದಿದ್ದು? ಕೆಟ್ಟ ಹೆಸರು ಬಂದಿದ್ದು ಸರಿಯಾಗೇ ಬಂದಿದೆ.

ವಿನೋಬನಗರದ ಅಕ್ಕ:
ಸಾಗರದವರೇ, ನೀವು ನೋಡಿದ್ದು ಯಾವ ಆವೃತ್ತಿ ಅಂತ ಹೇಳಲೇ ಇಲ್ಲ. ಥಿಯೇಟರಿನ 105 ನಿಮಿಷದ್ದಾ, ಡೈರೆಕ್ಟರ್ಸ್ ಕಟ್‌ನ 119 ನಿಮಿಷದ್ದಾ? ಅದು ಹೇಳದೆ ತೀರ್ಪು ಕೊಡುವುದು ನ್ಯಾಯ ಅಲ್ಲ.

ನಾನು ಡೈರೆಕ್ಟರ್ಸ್ ಕಟ್ ಮೂರು ಸಲ ನೋಡಿದ್ದೇನೆ. 2016ರಲ್ಲಿ ಸ್ಕೂಟಿಯಲ್ಲಿ ಹೋಗುವಾಗ ಹಿಂದಿನಿಂದ ಜೀಪ್ ಹೊಡೆಯಿತು. ಎಡಗಾಲಿಗೆ ರಾಡ್, ಹನ್ನೊಂದು ಹೊಲಿಗೆ, ನಾಲ್ಕು ತಿಂಗಳು ಮಂಚ. ಆಸ್ಪತ್ರೆಗೆ 1,86,000. ಫಿಸಿಯೋದವರಿಗೆ ದಿನಕ್ಕೆ 300ರಂತೆ 52 ದಿನ. ವಿಮೆಯವರು ಅರ್ಧ ಕೊಟ್ಟರು. ಕಾಲು ಸರಿಯಾಯಿತು. ಆದರೆ ಆರತಿ ತಟ್ಟೆ ಕೆಳಗೆ ಬಿದ್ದ ಸದ್ದಿಗೂ ಕಿರುಚುತ್ತಿದ್ದೆ. ಮನೆಯವರು ಮೊದಲು ಸಮಾಧಾನ ಮಾಡಿದರು. ಆಮೇಲೆ, ಇನ್ನೂ ಎಷ್ಟು ದಿನ ಇದೇ ಅಂದರು. ತಂಗಿ ಮೇಲೆ ಸುಮ್ನೆ ಸುಮ್ನೆ ರೇಗುತ್ತಿದ್ದೆ. ಅವಳು ಅಡುಗೆ ಮಾಡಿಕೊಟ್ಟರೂ ರೇಗುತ್ತಿದ್ದೆ.

ಈ ಸಿನಿಮಾದಲ್ಲಿ ಮೈಕೆಲ್ ಕೈಯಿಂದ ಉಳಿದುಬಂದ ಲಾರಿ ಅನ್ನುವ ಹುಡುಗಿ ಮಾಡುವುದು ಅದನ್ನೇ. ಗೆಳತಿ ಆ್ಯನಿಯ ಮನೆಯಲ್ಲೇ ಇರುತ್ತಾಳೆ. ಆ್ಯನಿಯ ಮುಖದ ಮೇಲೂ ಗಾಯದ ಕಲೆ ಇದೆ. ಆ ಕಲೆ ನೋಡಿದಾಗೆಲ್ಲ ಲಾರಿಗೆ ಮೈಕೆಲ್ ಇಬ್ಬರ ಮೇಲೂ ಎರಗಿದ ಆ ರಾತ್ರಿ ನೆನಪಾಗುತ್ತದೆ. ಪಾಪ, ಆ್ಯನಿ ಏನು ಮಾಡಬೇಕು? ಥಿಯೇಟರ್ ಆವೃತ್ತಿಯಲ್ಲಿ ಇದನ್ನೆಲ್ಲ ಮೆದು ಮಾಡಿದ್ದಾರೆ. ಅದರಲ್ಲಿ ಕಥೆ ಆ ರಾತ್ರಿ ಕಳೆದು ಒಂದು ವರ್ಷ ಆದಮೇಲೆ ಶುರು, ಡೈರೆಕ್ಟರ್ಸ್ ಕಟ್‌ನಲ್ಲಿ ಎರಡು ವರ್ಷ. ಎರಡು ವರ್ಷ ಆದರೂ ಹುಡುಗಿ ಸರಿಹೋಗಿಲ್ಲ ಅನ್ನುವುದೇ ಕಥೆ. ಕೊನೆಯಲ್ಲಿ ಪೊಲೀಸರ ಗುಂಡಿಗೆ ಲಾರಿಯೇ ಬೀಳುತ್ತಾಳೆ. ನನಗೆ ಅಳು ಬಂತು.

ಇನ್ನೊಂದು. ಆ್ಯನಿ ಸಾಯುವುದನ್ನು ಪೂರ್ತಿ ತೋರಿಸುವುದೇ ಇಲ್ಲ. ಅಪ್ಪ ಮನೆಗೆ ಬಂದು ಬಾತ್‌ರೂಮ್ ಬಾಗಿಲಲ್ಲಿ ನಿಲ್ಲುತ್ತಾನೆ. ಅಪ್ಪನ ಪಾತ್ರ ಮಾಡಿದ ಬ್ರಾಡ್ ಡೂರಿಫ್ ಅವರ ಮುಖ ಮುದುಡುವುದು ಅಲ್ಲಿ ಕಾಣುತ್ತದೆ. ನಡುವೆ ಆ್ಯನಿ ಚಿಕ್ಕ ಮಗುವಾಗಿದ್ದಾಗಿನ ವಿಡಿಯೋ. ಅದು ನಟಿ ಡೇನಿಯಲ್ ಹ್ಯಾರಿಸ್ ಅವರದ್ದೇ ಬಾಲ್ಯದ ವಿಡಿಯೋ. 1988 ಮತ್ತು 1989ರ ಹ್ಯಾಲೋವೀನ್‌ಗಳಲ್ಲಿ ಪುಟ್ಟ ಹುಡುಗಿಯಾಗಿ ಬಂದವಳೂ ಅವಳೇ. ಗಂಡಸರ ಗುಂಪು ಕೊಲೆ ಎಣಿಸಿಕೊಂಡು ನೋಡಿದರೆ ಇದೆಲ್ಲ ಎಲ್ಲಿ ಕಾಣಬೇಕು?

ಜೋಗದ ಮಳೆ, ಸಾಗರ:
ಅಕ್ಕಾ, ನಿಮ್ಮ ಅಪಘಾತದ ಬಗ್ಗೆ ಬೇಜಾರಿದೆ, ನಿಜವಾಗಿಯೂ. ಆದರೆ ನಿಮ್ಮ ನೋವು ಬೇರೆ, ಸಿನಿಮಾ ಚೆನ್ನಾಗಿರುವುದು ಬೇರೆ. ನಾನು ಕೊಲೆ ಎಣಿಸುವವನಲ್ಲ. ನನ್ನದು ಥಿಯೇಟರ್ ಆವೃತ್ತಿ. ಕೊನೆಯಲ್ಲಿ ಲಾರಿ ಬಿಳಿ ಕೋಣೆಯಲ್ಲಿ ಕೂತು ನಗುತ್ತಾಳೆ, ಅಷ್ಟೆ. ಹಾಗಂತ ಪೂರ್ತಿ ನೋಡಲು ಇನ್ನೊಂದು ಡಿಸ್ಕ್ ತರಿಸಬೇಕಾ? ಎರಡು ರೀತಿ ಕೊನೆ ಮಾಡಿ ಎರಡು ಸಲ ದುಡ್ಡು ಕೀಳುವುದಕ್ಕೆ ನನ್ನ ವಿರೋಧ.

ಕಾಫಿ ಕಣ, ಕೊಪ್ಪ:
ನಮ್ಮ ಹೋಂಸ್ಟೇಯಲ್ಲಿ ಇದನ್ನೇ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಆಗಸ್ಟ್ ತಿಂಗಳು, ಬೆಂಗಳೂರಿನ ಎಂಟು ಜನ. ಹಾರರ್ ಬೇಕು ಅಂದರು. ಪ್ರೊಜೆಕ್ಟರ್ ಬಾಡಿಗೆ 1,500, ಸ್ಪೀಕರ್ 600. ಗೋಡೆಗೆ ಬಿಳಿ ಪಂಚೆ ಕಟ್ಟಿದೆ.

ಮೊದಲ ತೊಂದರೆ, ಏನೂ ಕಾಣಲಿಲ್ಲ. ಈ ಸಿನಿಮಾ ತೆಗೆದಿದ್ದು 16 ಎಂಎಂ ಫಿಲ್ಮಿನಲ್ಲಿ. ಬೇಕಂತಲೇ ಕಾಳು ಕಾಳಾಗಿ, ಕತ್ತಲೆ ಕತ್ತಲೆಯಾಗಿ ಇದೆ. ಒಳ್ಳೆ ಟಿವಿಯಲ್ಲಿ ಅದೇ ಚೆಂದ. ಬಾಡಿಗೆ ಪ್ರೊಜೆಕ್ಟರಿನಲ್ಲಿ ಪಂಚೆ ಮೇಲೆ ಬರೀ ಬೂದಿ ಬಣ್ಣ. ಎರಡನೆಯದು, ಹಂಚಿನ ಮೇಲೆ ಮಳೆ. ಸಿನಿಮಾದೊಳಗೂ ಮಳೆ. ಯಾವುದು ಯಾವುದು ಅಂತ ತಿಳಿಯದಂತಾಯಿತು. ಆಸ್ಪತ್ರೆಯ ಟಿವಿಯಲ್ಲಿ ಒಂದು ಹಳೇ ಇಂಗ್ಲಿಷ್ ಹಾಡು ಬರುತ್ತಲೇ ಇರುತ್ತದೆ. ನಿಜ ಹೇಳಬೇಕೆಂದರೆ ಆ ಹಾಡು, ಆ ಮಳೆ, ಕಣದಾಚೆಯ ಕತ್ತಲು ಸೇರಿ ನನ್ನ ಮೈ ಝುಮ್ಮೆಂದಿತು. ಹತ್ತು ನಿಮಿಷದಲ್ಲಿ ಕರೆಂಟ್ ಹೋಯಿತು. ಜನರೇಟರ್ ಹಾಕಿದೆ. ಗಂಟೆಗೆ ಒಂದೂವರೆ ಲೀಟರ್ ಡೀಸೆಲ್. ಅದರ ಗುಡುಗುಡುವಿನಲ್ಲಿ ಮಾತು ಕೇಳಿಸಲ್ಲ. ನಾಯಿ ತಿನ್ನುವ ದೃಶ್ಯ ಬಂದಾಗ ಇಬ್ಬರು ಎದ್ದು ಹೋದರು. ಬೆಳಿಗ್ಗೆ ಕಡುಬು ಮಾಡಿಟ್ಟಿದ್ದೆ, ಒಬ್ಬರು ಮುಟ್ಟಲಿಲ್ಲ. ಕೋಣೆ ಬಾಡಿಗೆಯಲ್ಲಿ 2,000 ಹಿಡಿದುಕೊಂಡರು. ಇನ್ವರ್ಟರ್ ಬ್ಯಾಟರಿ ಆ ವಾರವೇ ಹೋಯಿತು, ಅದಕ್ಕೆ 14,500. ಯಾರಾದರೂ ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿದ್ದೀರಾ? ಮಳೆಗಾಲಕ್ಕೆ ತಡೆಯುತ್ತಾ?

ಭದ್ರೆ ನೀರು, ಭದ್ರಾವತಿ:
ಯಾಕೆ ಹೊರಗಿನ ಸಿನಿಮಾಕ್ಕೆ ಇಷ್ಟು ಒದ್ದಾಡುತ್ತೀರಿ? ರೀಮೇಕಿನ ಮುಂದಿನ ಭಾಗ ಹೇಗಿರಬೇಕು ಅಂತ ಆಪ್ತರಕ್ಷಕ ತೋರಿಸಿಕೊಟ್ಟಿದೆ. 1993ರ ಮಲಯಾಳಂ ಮಣಿಚಿತ್ರತ್ತಾಳ್, ಅದರಿಂದ 2004ರ ಆಪ್ತಮಿತ್ರ, ಅದರ ಮುಂದುವರಿಕೆ 2010ರ ಆಪ್ತರಕ್ಷಕ. ವಿಷ್ಣು ಸರ್ ತೀರಿಕೊಂಡ ಮೇಲೆ ಬಂದ ಸಿನಿಮಾ. ಮೊದಲ ದಿನ ಮೊದಲ ಶೋಗೆ ಬೆಳಿಗ್ಗೆ ಐದಕ್ಕೆ ಹೋಗಿ ಸಾಲಿನಲ್ಲಿ ನಿಂತಿದ್ದೆ. ಬ್ಲ್ಯಾಕಿನಲ್ಲಿ 200 ಕೊಟ್ಟೆ. ಸರ್ ತೆರೆ ಮೇಲೆ ಬಂದಾಗ ಪಕ್ಕದ ಯಜಮಾನರು ಟವಲ್ ಬಾಯಿಗೆ ಒತ್ತಿಕೊಂಡು ಅತ್ತರು. ನಿರ್ದೇಶಕ ಪಿ. ವಾಸು ಅವರು ಜನ ಇಷ್ಟಪಟ್ಟಿದ್ದನ್ನು ಕೈಬಿಡಲಿಲ್ಲ. ಝಾಂಬಿ ಕೈಬಿಟ್ಟ. ಅಷ್ಟೇ ವ್ಯತ್ಯಾಸ.

ಹಳೇ ಕ್ಯಾಸೆಟ್, ಹೊಸನಗರ:
ಆಪ್ತರಕ್ಷಕ ಇಲ್ಲಿ ತರಬೇಡಿ ಸ್ವಾಮಿ. ಅದು ನಗಿಸುತ್ತದೆ, ಹಾಡಿಸುತ್ತದೆ, ಹೆದರಿಸುತ್ತದೆ. ಬೇರೆ ಜಾತಿಯ ಸಿನಿಮಾ. ವಿಷ್ಣುವರ್ಧನ್ ಮೇಲಿನ ಪ್ರೀತಿಗೂ ಸಿನಿಮಾ ತೂಗುವುದಕ್ಕೂ ಸಂಬಂಧ ಇಲ್ಲ.

ಭದ್ರೆ ನೀರು, ಭದ್ರಾವತಿ:
ಸಂಬಂಧ ಇಲ್ಲ ಅಂತ ಹೇಳಲು ನೀವು ಯಾರು? ಅವರ ಕೊನೆಯ ಸಿನಿಮಾ ಬಗ್ಗೆ ಮಾತಾಡುವಾಗ ನಾಲಿಗೆ ಮೇಲೆ ಹಿಡಿತ ಇರಲಿ.

ಹಳೇ ಕ್ಯಾಸೆಟ್, ಹೊಸನಗರ:
ನಾನು ಅವರ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಇನ್ನೊಮ್ಮೆ ಓದಿ. ನನ್ನ ಮದುವೆ ಮನೆಯಲ್ಲಿ ಹಾಕಿದ್ದೇ ಅವರ ಹಾಡುಗಳು.

ನನ್ನ ಮಾತು ಇಷ್ಟು. ನಾನು 1978ರ ಮೂಲ ಹ್ಯಾಲೋವೀನ್ ನೋಡಿದ್ದು ಟಿವಿ, ವಿಸಿಪಿ (ವಿಡಿಯೋ ಕ್ಯಾಸೆಟ್ ಪ್ಲೇಯರ್) ಬಾಡಿಗೆ ತಂದು, ಪಿಯುಸಿ ಓದುವಾಗ. ರಾತ್ರಿಗೆ 120 ರೂಪಾಯಿ, ಆರು ಜನ ತಲಾ ಇಪ್ಪತ್ತು. ಟೇಪ್ ಮೂರು ಸಲ ಸಿಕ್ಕಿಕೊಂಡಿತು, ಪೆನ್ಸಿಲ್ ಹಾಕಿ ಸುತ್ತಿದೆವು. ಜಾನ್ ಕಾರ್ಪೆಂಟರ್ ಅದನ್ನು ಮಾಡಿದ್ದು ಮೂರು ಲಕ್ಷ ಡಾಲರ್ ಚಿಲ್ಲರೆಯಲ್ಲಿ. ಮುಖವಾಡವೂ ಅಂಗಡಿಯಿಂದ ತಂದು ಬಿಳಿ ಬಣ್ಣ ಹೊಡೆದಿದ್ದು. ಅದರಲ್ಲಿ ಲಾರಿ ಮೈಕೆಲ್‌ನ ತಂಗಿ ಅಲ್ಲ, ಯಾರೋ ಒಬ್ಬಳು. ತಂಗಿ ಅನ್ನುವ ಗಂಟು ಹಾಕಿದ್ದು 1981ರ ಎರಡನೇ ಭಾಗ. ಅದನ್ನೂ ಬರೆದವರಲ್ಲಿ ಕಾರ್ಪೆಂಟರ್ ಇದ್ದಾರೆ. ಎಲ್ಲ ಕೆಟ್ಟಿದ್ದು ಅಲ್ಲಿಂದ ಅಂತ ನನ್ನ ಅಭಿಪ್ರಾಯ. ಝಾಂಬಿ ಆ ಗಂಟನ್ನೇ ನಂಬಿ 2009ರ ಕಥೆ ಪೂರ್ತಿ ಅದರ ಮೇಲೆ ನಿಲ್ಲಿಸಿದ. 2018ರಲ್ಲಿ ಹೊಸದಾಗಿ ಮಾಡಿದವರು ಮೊದಲ ಸಿನಿಮಾ ಒಂದನ್ನೇ ಇಟ್ಟುಕೊಂಡು ತಂಗಿ ಕಥೆ ಕಿತ್ತುಹಾಕಿದರು. ನನಗೆ ಸಮಾಧಾನವಾಯಿತು.

ಆದರೂ ಒಂದು ಹೇಳುತ್ತೇನೆ. ಝಾಂಬಿ ಮೊದಲು, ಎರಡನೆಯದು ಮಾಡಲ್ಲ ಅಂದಿದ್ದ. ಬೇರೆಯವರಿಗೆ ವಹಿಸುವ ಮಾತು ನಡೆದು, ಕೊನೆಗೆ ಇವನೇ ಬಂದ. ಬಂದವನು 2007ರದ್ದನ್ನೇ ಇನ್ನೊಮ್ಮೆ ಮಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಮೊದಲನೆಯದು ಪ್ರಪಂಚದಾದ್ಯಂತ 8 ಕೋಟಿ ಡಾಲರ್ ಗಳಿಸಿತ್ತು. ಎರಡನೆಯದು 4 ಕೋಟಿಯ ಹತ್ತಿರಕ್ಕೆ ನಿಂತಿತು. ಅರ್ಧ ಜನ ಕಳೆದುಕೊಂಡರೂ ತನಗೆ ಬೇಕಾದ್ದನ್ನು ಮಾಡಿದ. ನನಗೆ ಹಿಡಿಸಿಲ್ಲ, ಆದರೆ ಸೋಮಾರಿ ಕೆಲಸ ಅಂತ ಯಾರಾದರೂ ಅಂದರೆ ಒಪ್ಪಲ್ಲ.

ವಿನೋಬನಗರದ ಅಕ್ಕ:
ಹೊಸನಗರದವರು ಕೊನೆಗೆ ಹೇಳಿದ್ದನ್ನೇ ನಾನು ಮೊದಲಿಂದ ಹೇಳುತ್ತಿರುವುದು. ಗಡ್ಡ ಬಿಟ್ಟ ಮೈಕೆಲ್ ನಿಮಗೆ ಬೇಡ. ಒಪ್ಪಿದೆ. ಆದರೆ ಆ ಸಿನಿಮಾ ಮೈಕೆಲ್‌ದೇ ಅಲ್ಲ, ಲಾರಿಯದ್ದು. ಲೂಮಿಸ್ ಪುಸ್ತಕ ಓದಿ ತಾನು ಅವನ ತಂಗಿ ಅಂತ ಅವಳಿಗೆ ಗೊತ್ತಾಗುವ ದೃಶ್ಯ ನೋಡಿ. ಊರಿಗೆಲ್ಲ ಗೊತ್ತಾದ ಮೇಲೆ, ಅದೂ ಅಂಗಡಿಯಲ್ಲಿ ಮಾರುವ ಪುಸ್ತಕದಿಂದ. ನನ್ನ ಅಪಘಾತದ ಫೋಟೋವನ್ನೂ ಯಾರೋ ವಾಟ್ಸಾಪಿನಲ್ಲಿ ಹಂಚಿದ್ದರು. ಅಮ್ಮನಿಗೆ ಅದು ನನ್ನ ಫೋನಿಗಿಂತ ಮೊದಲು ಬಂದಿತ್ತು. ಲೂಮಿಸ್‌ನನ್ನು ಹಾಗೆ ತೋರಿಸಿದ್ದು ತಪ್ಪು ಅಂತ ಸಾಗರದವರು ಹೇಳುತ್ತಾರೆ. ಅಂಥವರು ಇಲ್ಲವಾ?

ಜೋಗದ ಮಳೆ, ಸಾಗರ:
ಇದ್ದಾರೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಬಿಳಿ ಕುದುರೆ ಮಾತ್ರ ನಾನು ಕ್ಷಮಿಸಲ್ಲ.

ಕಾಫಿ ಕಣ, ಕೊಪ್ಪ:
ಬ್ಯಾಟರಿ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ತುಂಗೆ ತಡಿ, ತೀರ್ಥಹಳ್ಳಿ:
ಎಲ್ಲರಿಗೂ ಧನ್ಯವಾದ. ಅಕ್ಕಾ, ನೀವು ಬರೆದಿದ್ದನ್ನು ಆ ಗೆಳೆಯನಿಗೇ ಓದಲು ಕೊಟ್ಟೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಆ ಹುಡುಗಿ ರಾತ್ರಿ ಎದ್ದಾಗ ಮನೆಯಲ್ಲಿ ಯಾರಾದರೂ ಇರುತ್ತಾರಾ ಅಂತ ಕೇಳಿದ.

ವಿನೋಬನಗರದ ಅಕ್ಕ:
ಇರುತ್ತಾರೆ. ಆ್ಯನಿ ಇರುತ್ತಾಳೆ, ಅವಳಪ್ಪ ಇರುತ್ತಾರೆ. ಮೂವರೂ ಕೂತು ಪಿಜ್ಜಾ ತಿನ್ನುವ ಒಂದು ದೃಶ್ಯ ಇದೆ, ಅಪ್ಪ ತಮಾಷೆ ಮಾಡುತ್ತಾರೆ. ಆದರೆ ತಮ್ಮಾ, ಮುಂದೆ ಏನಾಗುತ್ತದೆ ಅಂತ ಅವನಿಗೆ ಮೊದಲೇ ಹೇಳಿಬಿಡು. ಮುಚ್ಚಿಡಬೇಡ. ಆಸ್ಪತ್ರೆ ಭಾಗ ಓಡಿಸಿಬಿಡಿ, ಅಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದನ್ನೆಲ್ಲ ಹತ್ತಿರದಿಂದ ತೋರಿಸುತ್ತಾರೆ. ಅವನು ಸಾಕು ಅಂದ ತಕ್ಷಣ ನಿಲ್ಲಿಸಿ. ನಾನು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ, ಉಳಿದಿದ್ದನ್ನು ಎರಡು ತಿಂಗಳು ಬಿಟ್ಟು ತಂಗಿ ಜೊತೆ ನೋಡಿದೆ. ಡೈರೆಕ್ಟರ್ಸ್ ಕಟ್ ಅವನಿಗೆ ಈಗಲೇ ಬೇಡ ಅನ್ನಿಸುತ್ತದೆ. ಅದರ ಕೊನೆ ಬಹಳ ಭಾರ.

ತುಂಗೆ ತಡಿ, ತೀರ್ಥಹಳ್ಳಿ:
ಆಯ್ತು ಅಕ್ಕಾ. ಹಾಗಾದರೆ 105 ನಿಮಿಷದ್ದು. ಲೈಟ್ ಹಾಕಿಕೊಂಡೇ ನೋಡುತ್ತೇವೆ.

ಹಳೇ ಕ್ಯಾಸೆಟ್, ಹೊಸನಗರ:
ಮೇಗರವಳ್ಳಿ ಕಡೆ ಈ ವಾರ ಗಾಳಿ ಜೋರಿದೆ, ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಬರಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಿ. ಕೊಪ್ಪದವರೇ, ಟ್ಯೂಬ್ಯುಲರೇ ಹಾಕಿಸಿ. ನನ್ನದಕ್ಕೆ ಐದು ವರ್ಷ ಆಯಿತು, ನೀರು ಮಾತ್ರ ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು.