ಸಹಾಯ ಬೇಕು: ಚಿಕ್ಕಬಳ್ಳಾಪುರದಲ್ಲಿ ಕಾರಿಗೆ ಒಳ್ಳೆ ಪಾಲಿಶ್ ಮಾಡುವವರು ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಪ್ಪು ಕಾರು. ನೆರಳಲ್ಲಿ ಚೆನ್ನಾಗೇ ಕಾಣುತ್ತೆ, ಬಿಸಿಲಿಗೆ ತಂದರೆ ಬಾನೆಟ್ ತುಂಬಾ ಜೇಡರ ಬಲೆ ಥರ ಸುತ್ತು ಸುತ್ತು ಗೀರು. ಕ್ವಾರಿ ಲಾರಿ ಓಡಾಡೋ ರಸ್ತೆ ಪಕ್ಕದಲ್ಲೇ ಮನೆ. ಕಲ್ಲುಪುಡಿ ದಿನಾ ಕೂರುತ್ತೆ. (ಕಪ್ಪು ಬಣ್ಣ ಮನೆಯವರ ಆಯ್ಕೆ, ನಂದಲ್ಲ!)

ಈ ಗೀರುಗಳು ಉಗುರಿಗೆ ತಗಲಲ್ಲ. ಬಣ್ಣದ ಮೇಲಿರೋ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್‌ನಲ್ಲೇ ಇವೆ, ಪಾಲಿಶ್‌ಗೆ ಹೋಗಬಹುದು. ಆದರೆ ಹಿಂದಿನ ಎಡ ಡೋರ್‌ನಲ್ಲಿ ಗೇಣುದ್ದದ ಗೀರೊಂದಿದೆ. ಉಗುರು ಸಿಕ್ಕಿಕೊಳ್ಳುತ್ತೆ, ಒಳಗಿನ ಪ್ರೈಮರ್ ಬೆಳ್ಳಗೆ ಕಾಣುತ್ತೆ. ಅದಕ್ಕೆ ಟಚ್‌ಅಪ್ ಸಾಕಾ, ಡೋರ್ ಪೂರ್ತಿ ಪೇಂಟ್ ಮಾಡಿಸಬೇಕಾ? ಹಾಗೇ ಬಿಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೇನೋ ಅನ್ನೋ ಚಿಂತೆ.

ಒಂದು ಅಂಗಡಿಯವರು 'ಸುಮ್ನೆ ಸೆರಾಮಿಕ್ ಕೋಟಿಂಗ್ ಹಾಕಿಸಿ, ಎಲ್ಲಾ ಮುಚ್ಚಿಹೋಗುತ್ತೆ' ಅಂದರು. ಅದು ಪೇಂಟ್ ಮೇಲೆ ಹಚ್ಚೋ ತೆಳು ರಕ್ಷಣಾ ಪದರ ತಾನೇ, ಗೀರು ತೆಗೆಯದೆ ಹಾಕಿದರೆ ಗೀರು ಅಡಿಯಲ್ಲಿ ಹಾಗೇ ಉಳಿಯುತ್ತೆ ಅಲ್ವಾ?

ರೋಟರಿ ಮೆಷಿನ್ (ಒಂದೇ ಸಮನೆ ಜೋರಾಗಿ ತಿರುಗೋ ಪಾಲಿಶ್ ಯಂತ್ರ) ಪಳಗದವರ ಕೈಗೆ ಸಿಕ್ಕರೆ ಅಂಚಿನ ಪೇಂಟ್ ಸುಟ್ಟುಹೋಗುತ್ತೆ, ಅದೇ ಭಯ. ಪೇಂಟ್ ದಪ್ಪ ಅಳೆದು, ತಿರುಗುತ್ತಲೇ ಅಲುಗಾಡೋ ಡ್ಯುಯಲ್ ಆಕ್ಷನ್ ಮೆಷಿನ್‌ನಲ್ಲಿ ನಿಧಾನವಾಗಿ ಮಾಡುವವರು ಊರಲ್ಲಿ ಇದ್ದಾರಾ? ಇಲ್ಲದಿದ್ದರೆ ದೇವನಹಳ್ಳಿ ಕಡೆ ಆದರೂ ಪರವಾಗಿಲ್ಲ. ಮಾಡಿಸಿದವರು ಎಷ್ಟಾಯಿತು ಅಂತಲೂ ತಿಳಿಸಿ.

ಇನ್ನೊಂದು, ನಮ್ಮ ಬೋರ್ ನೀರು ತುಂಬಾ ಗಡಸು. ತೊಳೆದ ಮೇಲೆ ಬಿಳಿ ಕಲೆ ಉಳಿಯದಂತೆ ನೀವೆಲ್ಲ ಏನು ಮಾಡ್ತೀರಿ?